ಮೊದಲು ಬೆರಳು ನೋಡಿ, ಡಬ್ಬಿ ಆಮೇಲೆ

ಪ್ರಶ್ನೆ: ಸರ್, ನಾವು ಹುಬ್ಬಳ್ಳಿ ಕಡೆಯವರು. ಹನ್ನೆರಡು ವರ್ಷದಿಂದ ಪುಣೆಯ ಚಿಂಚ್‌ವಾಡದಲ್ಲಿದ್ದೇವೆ. ನನ್ನ ಮಗನಿಗೆ 14 ವರ್ಷ. ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳು ಬರಬರುತ್ತಾ ಬಲ ಕಳೆದುಕೊಳ್ಳುವ ಕಾಯಿಲೆ) ಇದೆ, ವೀಲ್‌ಚೇರಿನಲ್ಲೇ ಇರುತ್ತಾನೆ. ತೋಳು ಎತ್ತಲು ಆಗುವುದಿಲ್ಲ, ಬೆರಳು ಆಡುತ್ತವೆ. ಹುಬ್ಬಳ್ಳಿಯಲ್ಲಿ ನನ್ನ ಅಣ್ಣನ ಮಗ ಪ್ಲೇಸ್ಟೇಷನ್ 5 ಎಂಬ ವಿಡಿಯೋ ಗೇಮ್ ಕನ್ಸೋಲಿನಲ್ಲಿ ಫುಟ್‌ಬಾಲ್ ಆಡುತ್ತಾನೆ. ಅವನ ಜೊತೆ ಆಡಬೇಕು ಅಂತ ಇವನ ಹಟ. ಎಲ್ಲರೂ ಸೇರಿ ಹಣ ಕೂಡಿಸಿದ್ದೇವೆ. ಅಂಗಡಿಯಲ್ಲಿ ಕೇಳಿದರೆ "ಎಲ್ಲಾ ಒಂದೇ, ಯಾವುದಾದರೂ ತಗೊಳ್ಳಿ" ಅಂದರು. ಅತ್ತೆಯವರು "ಇಂಥ ಮಗುವಿಗೆ ಅಷ್ಟು ದುಡ್ಡಿನ ಆಟ ಯಾಕೆ" ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಚಿಂಚ್‌ವಾಡ

ಉತ್ತರ: ಅಕ್ಕಾ, ಎಲ್ಲಾ ಒಂದೇ ಅಲ್ಲ. ಟಿವಿ ಕೆಳಗೆ ಕೂರುವ ಡಬ್ಬಿಗಳು, ಅಂದರೆ ಕನ್ಸೋಲ್‌ಗಳು, ಹೆಚ್ಚು ಕಡಿಮೆ ಒಂದೇ ಇರಬಹುದು. ಕೈಗೆ ಬರುವ ಕಂಟ್ರೋಲರ್ ಒಂದೇ ಅಲ್ಲ. ನಿಮ್ಮ ಮಗ ಆಡುವುದು ಅದರಲ್ಲಿ ತಾನೇ?

2009ರಲ್ಲಿ ಬೈಕಿನಿಂದ ಬಿದ್ದು ನನ್ನ ಬಲಭುಜದ ನರ ಕಿತ್ತುಹೋಯಿತು. ಅವತ್ತಿನಿಂದ ಎಲ್ಲವೂ ಎಡಗೈಯಲ್ಲೇ. ಮರುವರ್ಷ ಏನೂ ಯೋಚಿಸದೆ ಕನ್ಸೋಲ್ ತಂದೆ. ಎರಡು ಕೈಗೆಂದು ಮಾಡಿದ ಕಂಟ್ರೋಲರ್ ಅದು. ಡೊಂಬಿವಲಿಯ ನಮ್ಮ ಮನೆಯಲ್ಲಿ ಎಂಟು ತಿಂಗಳು ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಆ ಬೇಸರ ನಿಮ್ಮ ಮಗನಿಗೆ ಬರಬಾರದು.

ಮೊದಲು ಇದನ್ನು ಮಾಡಿ. ಯಾರಿಂದಲಾದರೂ ಒಂದು ಕಂಟ್ರೋಲರ್ ಎರಡು ದಿನಕ್ಕೆ ತನ್ನಿ. ತೊಡೆಯ ಮೇಲೆ ದಿಂಬಿಟ್ಟು, ಮೊಣಕೈಗೆ ಆಸರೆ ಕೊಟ್ಟು ಅವನ ಕೈಗೆ ಕೊಡಿ. ಕರೆಂಟ್, ಟಿವಿ ಏನೂ ಬೇಡ. ಹೆಬ್ಬೆರಳು ಮೇಲಿನ ಪುಟ್ಟ ಸ್ಟಿಕ್ಕನ್ನು ನಾಲ್ಕೂ ಕಡೆ ತಳ್ಳುತ್ತದಾ? ತೋರುಬೆರಳು ಹಿಂದಿನ ಟ್ರಿಗರ್ ಬಟನ್ನನ್ನು ಪೂರ್ತಿ ಒತ್ತುತ್ತದಾ? ಬೆಳಿಗ್ಗೆ ಒಮ್ಮೆ ನೋಡಿ, ಸಂಜೆ ಏಳಕ್ಕೆ ಮತ್ತೊಮ್ಮೆ ನೋಡಿ. ಮುಲುಂಡದಲ್ಲಿ ನನಗೆ ಪರಿಚಯದ ಹುಡುಗನೊಬ್ಬನಿದ್ದಾನೆ, ಇದೇ ಕಾಯಿಲೆ. ಬೆಳಿಗ್ಗೆ ಅಂಗಡಿಯಲ್ಲಿ ಎಲ್ಲ ಬಟನ್ ಒತ್ತಿದ. ಸಂಜೆ ಮನೆಯಲ್ಲಿ ಆಡಲು ಕೂತರೆ ಟ್ರಿಗರ್ ಅರ್ಧಕ್ಕೇ ನಿಂತಿತು, ಬೆರಳು ನಡುಗುತ್ತಿತ್ತು. ಗೆಳೆಯರು ಆಡಲು ಸಿಗುವುದು ಸಂಜೆ. ಸಂಜೆಯ ಕೈ ನೋಡಿ ತಗೊಳ್ಳಿ.

ಇನ್ನೊಂದು ಮಾತು ನಿಮಗೆ ಗೊತ್ತಿರುವುದೇ. ಈ ಕಾಯಿಲೆಯಲ್ಲಿ ಭುಜ, ತೋಳು ಮೊದಲು ಸೋಲುತ್ತವೆ, ಬೆರಳು ಜಾಸ್ತಿ ದಿನ ಉಳಿಯುತ್ತವೆ. ಹಾಗಾಗಿ ಕೈ ಬದಲಾದ ಹಾಗೆ ತಾನೂ ಬದಲಾಗುವ ಸಾಧನ ಬೇಕು.

ಅಂಥವು ಮುಖ್ಯವಾಗಿ ಎರಡು. 2018ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಕನ್ಸೋಲಿಗೆಂದು ಬಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಒಂದು. ಚಪ್ಪಟೆ ಹಲಗೆಯಂಥದ್ದು, ಮೇಲೆ ಎರಡು ದೊಡ್ಡ ಗುಂಡನೆಯ ಬಟನ್. ಅದರ ಜೀವ ಇರುವುದು ಹಿಂಬದಿಯಲ್ಲಿ. ಅಲ್ಲಿ ಇಯರ್‌ಫೋನ್ ಪಿನ್ ಹಾಕುವಂಥ 3.5 ಮಿ.ಮೀ.ನ 19 ತೂತುಗಳಿವೆ. ಒಂದೊಂದಕ್ಕೂ ಒಂದೊಂದು ಸ್ವಿಚ್ ಹಾಕಿ, ಬೇಕಾದಲ್ಲಿ ಇಡಬಹುದು. ಬೆರಳ ಕೆಳಗೆ, ಕೆನ್ನೆ ಪಕ್ಕ, ಕಾಲ್ಬೆರಳ ಹತ್ತಿರ, ಎಲ್ಲಿ ಬಲ ಇದೆಯೋ ಅಲ್ಲಿ. ಯುಎಸ್‌ಬಿ ಮೂಲಕ ಜಾಯ್‌ಸ್ಟಿಕ್ ಕೂಡ ಹಾಕಬಹುದು. ಸ್ವಿಚ್‌ಗಳನ್ನು ಬೇರೆಯಾಗಿ ಕೊಳ್ಳಬೇಕು, ದುಬಾರಿ. ಆದರೆ ನಿಮ್ಮೂರಿನ ಬುಧವಾರ ಪೇಠೆಯ ತಪ್ಕೀರ್ ಗಲ್ಲಿಯಲ್ಲಿ ಹಗುರವಾಗಿ ಒತ್ತುವ ಸ್ವಿಚ್ಚು, ಮೋನೋ ಪಿನ್ನು, ವೈರು ಎಲ್ಲ ಸಿಗುತ್ತವೆ. ಬೆಸುಗೆ ಹಾಕಲು ಬರುವವರು ಯಾರಾದರೂ ಸಂಜೆಯೊಳಗೆ ಮಾಡಿಕೊಡುತ್ತಾರೆ. ನಾನು ಮುಂಬೈಯ ಲ್ಯಾಮಿಂಗ್ಟನ್ ರೋಡಿನಿಂದ ತಂದು ಹಾಗೆಯೇ ಮಾಡಿಸಿದ್ದು.

ಎರಡನೆಯದು ಸೋನಿಯ ಆಕ್ಸೆಸ್ ಕಂಟ್ರೋಲರ್, 2023ರ ಡಿಸೆಂಬರಿನಲ್ಲಿ ಬಂದಿದ್ದು, ಪ್ಲೇಸ್ಟೇಷನ್ 5ಗೆ (ಪಿಎಸ್5). ತಟ್ಟೆಯಂತೆ ಗುಂಡಗಿದೆ. ಸುತ್ತ ಬಟನ್, ಒಂದು ಕಡೆ ಸ್ಟಿಕ್. ಹೇಗೆ ತಿರುಗಿಸಿ ಇಟ್ಟರೂ ನಡೆಯುತ್ತದೆ, ಬಟನ್ ಮುಚ್ಚಳ ಬದಲಿಸಬಹುದು. ಹೊರಗಿನ ಸ್ವಿಚ್‌ಗೆ ಮಾತ್ರ ನಾಲ್ಕೇ ತೂತು. ಬೆರಳಿನಲ್ಲಿ ಒತ್ತುವ ಬಲ ಇರುವವರಿಗೆ ಇದು ಚೆಂದ.

ನಿಂಟೆಂಡೊ ಸ್ವಿಚ್ ಎಂಬ ಕನ್ಸೋಲ್ ಬಗ್ಗೆ ಯಾರಾದರೂ ಹೇಳಿದರೆ ಸುಮ್ನೆ ತಳ್ಳಿಹಾಕಬೇಡಿ. ಅದರ ಕಂಟ್ರೋಲರ್ ಎರಡು ತುಂಡಾಗುತ್ತದೆ, ಒಂದೊಂದು ತುಂಡು 50 ಗ್ರಾಂ ಆಸುಪಾಸು. ಪಿಎಸ್5ನ ಮಾಮೂಲಿ ಕಂಟ್ರೋಲರ್ 280 ಗ್ರಾಂ. ತುಂಡಾಗುವ ಕಂಟ್ರೋಲರಿನಲ್ಲಿ ಎರಡೂ ಕೈ ಅವುಗಳ ಪಾಡಿಗೆ ಮಲಗಿರಬಹುದು. ಆದರೆ ಬಟನ್ ತೀರಾ ಚಿಕ್ಕವು. ಫುಟ್‌ಬಾಲಿನಲ್ಲಿ ಹುಬ್ಬಳ್ಳಿಯ ಪಿಎಸ್5 ಜೊತೆ ಸೇರಲೂ ಆಗುವುದಿಲ್ಲ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಆ ತೊಂದರೆ ಇಲ್ಲ. 2022ರ ಫಿಫಾ 23 ಎಂಬ ಫುಟ್‌ಬಾಲ್ ಆಟದಿಂದ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ನವರು ಎದುರುಬದುರು ಆಡಬಹುದು. ನಿಮ್ಮ ಮಗನಿಗೆ ನಾನು ಹೇಳುವುದು ಇದನ್ನೇ: ಸೀರೀಸ್ ಎಸ್, ಜೊತೆಗೆ ಅಡಾಪ್ಟಿವ್ ಕಂಟ್ರೋಲರ್. ಈ ಕನ್ಸೋಲಿನಲ್ಲಿ ಡಿಸ್ಕ್ ಹಾಕುವ ಜಾಗ ಇಲ್ಲ. ಹಳೇ ಡಿಸ್ಕ್ ಅಗ್ಗಕ್ಕೆ ಕೊಳ್ಳಲಾಗುವುದಿಲ್ಲ ಎಂಬುದು ನಷ್ಟವೇ. ಆದರೆ ಡಿಸ್ಕ್ ಹಾಕಿಕೊಡಿ ಅಂತ ಅವನು ಯಾರನ್ನೂ ಕರೆಯಬೇಕಿಲ್ಲ. ಕಂಟ್ರೋಲರಿನಿಂದಲೇ ಆನ್ ಮಾಡುತ್ತಾನೆ. 14 ವರ್ಷದ ಹುಡುಗನಿಗೆ ಅದು ಸಣ್ಣ ವಿಷಯ ಅಲ್ಲ. ಆನ್‌ಲೈನ್ ಆಡಲು ಚಂದಾ ಬೇರೆ ಕಟ್ಟಬೇಕು, ಆ ಹಣ ತೆಗೆದಿಡಿ. ಎರಡು ಕಂಟ್ರೋಲರನ್ನು ಒಂದೇ ಆಟಗಾರನದ್ದಾಗಿ ಸೇರಿಸುವ ಸೌಲಭ್ಯವೂ ಇದೆ. ಅವನು ಆಟಗಾರನನ್ನು ಓಡಿಸಲಿ, ಬೆರಳು ದಣಿದಾಗ ನೀವು ಪಕ್ಕದಲ್ಲಿ ಕೂತು ಗೋಲಿಗೆ ಒತ್ತಿ.

ಈ ಅಡಾಪ್ಟಿವ್ ಕಂಟ್ರೋಲರ್ ವಿಂಡೋಸ್ ಲ್ಯಾಪ್‌ಟಾಪಿಗೂ ಹಾಕಬಹುದು. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಕಂಟ್ರೋಲರ್ ಮೊದಲು ತನ್ನಿ. ಒಂದು ತಿಂಗಳು ಅದರಲ್ಲೇ ಆಡಿಸಿ ನೋಡಿ, ಕನ್ಸೋಲ್ ಆಮೇಲೆ.

ಸ್ವಿಚ್‌ಗಳನ್ನು ಎಲ್ಲಿ ಇಡುವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಮುಲುಂಡದ ಹುಡುಗನಿಗೆ ನಾವು ಚಪಾತಿ ಮಣೆ ತಗೊಂಡೆವು. ಅದರ ಮೂರು ಕಾಲು ಕತ್ತರಿಸಿ, ಮೇಲೆ ವೆಲ್ಕ್ರೋ ಅಂಟಿಸಿ ಸ್ವಿಚ್ ಕೂರಿಸಿದೆವು. ಕೆಳಗೆ ಡ್ರಾಯರಿಗೆ ಹಾಸುವ ರಬ್ಬರ್ ಮ್ಯಾಟ್. ತೊಡೆಯಿಂದ ಜಾರುವುದಿಲ್ಲ. ಪ್ರತಿ ವಾರ ಸ್ವಿಚ್ ಅರ್ಧ ಇಂಚು ಆಚೀಚೆ ಮಾಡುತ್ತಾ ಹೋದೆವು. ಮೂರನೇ ವಾರ ಅವನೇ "ಇಲ್ಲೇ ಇರಲಿ" ಅಂದ. ಕೂರುವ ಭಂಗಿ, ಎಷ್ಟು ಹೊತ್ತು ಆಡಬಹುದು ಎಂಬುದನ್ನು ಅವನ ಫಿಸಿಯೋ ಹತ್ತಿರ ಕೇಳಿ. ಸ್ನಾಯು ನೋಯುವಷ್ಟು ಬೇಡ.

ಅತ್ತೆಯವರಿಗೆ ಪ್ರೀತಿಯಿಂದಲೇ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯ ಹೆಸರಿದೆ, ಆಟ-ಮನರಂಜನೆಯ ಮಾತೂ ಇದೆ. ಕಾಯ್ದೆಗಿಂತ ಮೊದಲ ಪಂದ್ಯದ ದಿನ ಅವರನ್ನು ಮಗನ ಪಕ್ಕದಲ್ಲಿ ಕೂರಿಸಿ. ಹುಬ್ಬಳ್ಳಿಯ ಹುಡುಗನ ದನಿ ಟಿವಿಯಲ್ಲಿ ಕೇಳಲಿ.

ಪ್ರಶ್ನೆ: ನನಗೆ ಎಡಕಿವಿ ಮಾತ್ರ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿ ಆಡಿದರೆ ಬಲಗಡೆಯ ಸದ್ದು ಪೂರ್ತಿ ತಪ್ಪಿಹೋಗುತ್ತದೆ. ಇದಕ್ಕೆಂದೇ ಬೇರೆ ಕನ್ಸೋಲ್ ಕೊಳ್ಳಬೇಕಾ?
– ಕಾಲೇಜು ವಿದ್ಯಾರ್ಥಿ, ವಸಾಯಿ

ಉತ್ತರ: ಬೇಡ ತಮ್ಮಾ. ಎಕ್ಸ್‌ಬಾಕ್ಸ್, ಪಿಎಸ್5 ಎರಡರಲ್ಲೂ ಮೋನೋ ಆಡಿಯೋ ಇದೆ, ಸೆಟ್ಟಿಂಗ್‌ನಲ್ಲಿ ಹುಡುಕು. ಎರಡೂ ಕಡೆಯ ಸದ್ದು ಸೇರಿ ನಿನ್ನ ಎಡಕಿವಿಗೆ ಬರುತ್ತದೆ. ಸದ್ದು ಯಾವ ದಿಕ್ಕಿನಿಂದ ಬಂತು ಅನ್ನುವುದು ಮಾತ್ರ ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಆಟದೊಳಗಿನ ಸೆಟ್ಟಿಂಗ್ ನೋಡು. ಹೆಜ್ಜೆ ಸದ್ದು, ಗುಂಡಿನ ಸದ್ದು ಬಂದ ದಿಕ್ಕನ್ನು ತೆರೆಯ ಮೇಲೆ ಗುರುತಿನಲ್ಲಿ ತೋರಿಸುವ ಆಟಗಳಿವೆ, ಫೋರ್ಟ್‌ನೈಟ್ ಅಂಥದ್ದು. ಆಟ ಕೊಳ್ಳುವಾಗ ಅದು ಇದೆಯಾ ಅಂತ ನೋಡಿ ಕೊಳ್ಳು.