ಓದುಗರ ಪ್ರಶ್ನೆ, ನಮ್ಮ ಉತ್ತರ: ಅಟ್ಟದ ಮೇಲಿನ ಬಂದೂಕು, ಪೊಲೀಸರ ಗುಂಡು

ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾನೂನು ಸುವ್ಯವಸ್ಥೆ ಕುರಿತವು. ಬಂದೂಕು ಯಾರ ಕೈಯಲ್ಲಿರಬೇಕು, ಪೊಲೀಸರು ಯಾವಾಗ ಗುಂಡು ಹಾರಿಸಬಹುದು, ಠಾಣೆಯವರು ದೂರು ತಗೊಳ್ಳದಿದ್ದರೆ ಏನು ದಾರಿ ಎಂದು ಕೇಳಿದ್ದೀರಿ. ಆಯ್ದ ಆರಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ಬೀದರಿನಲ್ಲಿ ಬ್ಯಾಂಕಿನ ಮುಂದೆಯೇ ಗುಂಡು ಹಾರಿಸಿ ಹಣ ದೋಚಿದ ಮೇಲೆ ಒಬ್ಬರು ‘ಜನರಿಗೂ ಬಂದೂಕು ಕೊಡಿ’ ಅಂತಾರೆ, ಇನ್ನೊಬ್ಬರು ‘ಪೊಲೀಸರ ಕೈ ಕಟ್ಟಬೇಡಿ’ ಅಂತಾರೆ. ಯಾವುದು ಸರಿ?
— ಉಪನ್ಯಾಸಕರು, ಬೀದರ

ಉತ್ತರ: 2025ರ ಜನವರಿ 16ರಂದು ನಡೆದದ್ದನ್ನು ನೆನಪಿಸಿಕೊಳ್ಳೋಣ. ಎಟಿಎಂಗೆ ತುಂಬಲು ಹಣದ ಪೆಟ್ಟಿಗೆ ಒಯ್ಯುತ್ತಿದ್ದ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಹಾಡಹಗಲೇ ಗುಂಡು ಹಾರಿಸಿದರು. ಒಬ್ಬರು ಸತ್ತರು, ಇನ್ನೊಬ್ಬರು ಗಾಯಗೊಂಡರು. ಪೆಟ್ಟಿಗೆ ಹೊತ್ತು ಹೈದರಾಬಾದ್ ಸೇರಿದ ಆರೋಪಿಗಳು ಅಫ್ಜಲ್‌ಗಂಜ್‌ನಲ್ಲಿ ಮತ್ತೊಬ್ಬರ ಮೇಲೂ ಗುಂಡು ಹಾರಿಸಿದರು.

ಮೊದಲು ಕೇಳಬೇಕಾದದ್ದು ಪೆಟ್ಟಿಗೆಯ ಪಕ್ಕ ಯಾರು ನಿಂತಿರಬೇಕಿತ್ತು ಎಂಬುದು. ಕೇಂದ್ರ ಗೃಹ ಸಚಿವಾಲಯ ಹಣ ಸಾಗಣೆಗೆಂದೇ 2018ರಲ್ಲಿ ನಿಯಮ ಮಾಡಿದೆ. ಹಣದ ವಾಹನದಲ್ಲಿ ಒಬ್ಬ ಚಾಲಕ, ಇಬ್ಬರು ಶಸ್ತ್ರಧಾರಿ ಕಾವಲುಗಾರರು, ಹಣ ನೋಡಿಕೊಳ್ಳುವ ಇಬ್ಬರು ಸಿಬ್ಬಂದಿ ಇರಬೇಕು. ಒಂದು ಸಲಕ್ಕೆ 5 ಕೋಟಿ ರೂಪಾಯಿಗಿಂತ ಹೆಚ್ಚು ಒಯ್ಯುವಂತಿಲ್ಲ. ಎಟಿಎಂ ತುಂಬುವ ಕೆಲಸ ನಗರದಲ್ಲಿ ರಾತ್ರಿ 9, ಹಳ್ಳಿ ಕಡೆ ಸಂಜೆ 6ರ ನಂತರ ನಡೆಯಬಾರದು. ವಾಹನಕ್ಕೆ ಜಿಪಿಎಸ್, ಕ್ಯಾಮೆರಾ ಇರಬೇಕು. ಈ ಐದು ಜನರ ಲೆಕ್ಕ ದಿನಾಲೂ ಯಾರು ತಪಾಸಣೆ ಮಾಡುತ್ತಾರೆ ಎಂದು ಯಾವ ಪಕ್ಷದವರಾದರೂ ಕೇಳಿದರೆ ಅದು ಕೆಲಸಕ್ಕೆ ಬರುವ ಚರ್ಚೆ. ಕೂಲಿಗೆ ಬಂದವನ ಎದೆಯನ್ನೇ ಗುರಾಣಿ ಮಾಡುವುದು ಅನ್ಯಾಯ.

ಇನ್ನು ದಾರಿಹೋಕರ ಕೈಯಲ್ಲಿ ಬಂದೂಕಿದ್ದಿದ್ದರೆ? ನಮ್ಮ ಕಡೆ ಲೈಸೆನ್ಸಿನ ಮೇಲೆ ಹೆಚ್ಚು ಕಾಣುವುದು 12 ಬೋರಿನ ಜೋಡು ನಳಿಗೆ ಬಂದೂಕು. ಅದರ ಛರೆ, ಅಂದರೆ ಸೀಸದ ಸಣ್ಣ ಗುಂಡುಗಳು, ನಳಿಗೆ ಬಿಟ್ಟ ಮೇಲೆ ಹರಡುತ್ತ ಹೋಗುತ್ತದೆ, ಗಜಕ್ಕೆ ಸುಮಾರು ಒಂದು ಇಂಚಿನಂತೆ. 25 ಗಜ ದೂರದಲ್ಲಿ ಅದರ ಹರವು ಎರಡು ಅಡಿ ದಾಟುತ್ತದೆ. ಬ್ಯಾಂಕಿನ ಮುಂದೆ ಆ ಎರಡು ಅಡಿಯೊಳಗೆ ಆರೋಪಿ ಒಬ್ಬನೇ ಇರುವುದಿಲ್ಲ, ಚಹಾದಂಗಡಿಯ ಹುಡುಗನೂ ಇರುತ್ತಾನೆ. ಮೇಲಾಗಿ ಸಾರ್ವಜನಿಕ ಜಾಗದಲ್ಲಿ ಲೈಸೆನ್ಸಿನ ಬಂದೂಕನ್ನು ಚೀಲದಲ್ಲೋ ಹೋಲ್‌ಸ್ಟರ್‌ನಲ್ಲೋ ಮುಚ್ಚಿಯೇ ಒಯ್ಯಬೇಕು. ಬಿಚ್ಚಿ, ತುಂಬಿ, ಗುರಿ ಹಿಡಿಯುವಷ್ಟರಲ್ಲಿ ಬೈಕು ತಿರುವು ದಾಟಿರುತ್ತದೆ.

ಕಲಬುರಗಿ ನೆಹರೂ ಗಂಜ್‌ನ ವರ್ತಕರು, ಸಹಕಾರ ಸಂಘದ ಕಾರ್ಯದರ್ಶಿಗಳು ಬಂದೂಕಿನ ಕಾವಲುಗಾರನನ್ನು ಇಟ್ಟುಕೊಳ್ಳುವ ಮುಂಚೆ ಅವನ ಲೈಸೆನ್ಸನ್ನು ಕೈಗೆ ತಗೊಂಡು ಓದಿ. ಅವಧಿ ಮುಗಿದಿದೆಯೇ, ಯಾವ ಪ್ರದೇಶಕ್ಕೆ ಅನ್ವಯ, ಬಂದೂಕಿನ ನಂಬರೂ ಪುಸ್ತಕದ ನಂಬರೂ ಒಂದೇನಾ ಎಂದು ನೋಡಿ. ಕಾಡತೂಸು ಯಾವಾಗ ಖರೀದಿಸಿದ್ದು ಎಂದೂ ಕೇಳಿ. ಮಳೆಗಾಲ ಕಂಡ ಹಳೇ ಕಾಗದದ ಕಾಡತೂಸು ಉಬ್ಬಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ಮತ್ತೊಂದು ಮಾತು. ಸಂವಿಧಾನದ ಪ್ರಕಾರ ಪೊಲೀಸ್ ಇಲಾಖೆ ರಾಜ್ಯದ ಪಟ್ಟಿಯಲ್ಲಿದೆ, ಬಂದೂಕು ಮತ್ತು ಮದ್ದುಗುಂಡು ಕೇಂದ್ರದ ಪಟ್ಟಿಯಲ್ಲಿವೆ. ಎರಡೂ ಕಡೆಯವರು ಬೆರಳು ತೋರಿಸಿ ಕೈತೊಳೆದುಕೊಳ್ಳಲು ಇದೇ ಅನುಕೂಲವಾಗಿದೆ. ಪ್ರಶ್ನೆ ಕೇಳುವಾಗ ಇದು ಯಾರ ಪಾಲಿನ ಕೆಲಸ ಎಂದು ಮೊದಲೇ ಗುರುತು ಹಾಕಿಕೊಂಡು ಹೋಗಿ.

ಪ್ರಶ್ನೆ: ನಮ್ಮಪ್ಪಾರು ತೀರಿಕೊಂಡು ಎರಡು ವರ್ಷ ಆಯ್ತು. ಅವರ ಹೆಸರಿನ ಜೋಡು ನಳಿಗೆ ಬಂದೂಕ ಇನ್ನೂ ಅಟ್ಟದ ಮ್ಯಾಲೇ ಅದ. ಅಜ್ಜನ ಕಾಲದ್ದು ಮದ್ದು ತುಂಬೋದು ಬ್ಯಾರೆ ಒಂದದ. ಈಗ ಒಯ್ದು ಕೊಟ್ರ ನಮ್ಮ ಮ್ಯಾಲೇ ಕೇಸ್ ಹಾಕ್ತಾರೇನೋ ಅಂತ ಅಂಜಿಕಿ. ಏನ್ ಮಾಡ್ಬೇಕ್ರಿ?
— ರೈತರು, ಸೇಡಂ

ಉತ್ತರ: ಅಂಜಿ ಸುಮ್ಮನೆ ಕೂತರೆ ಅಪಾಯ ದಿನದಿನಕ್ಕೂ ಹೆಚ್ಚುತ್ತದೆ. ಲೈಸೆನ್ಸ್‌ದಾರರು ತೀರಿಕೊಂಡ ಕ್ಷಣದಿಂದ ಆ ಬಂದೂಕನ್ನು ಇಟ್ಟುಕೊಳ್ಳುವ ಹಕ್ಕು ಮನೆಯ ಬೇರೆ ಯಾರಿಗೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲೋ ಜಮಾ ಮಾಡಬೇಕು. ಲೈಸೆನ್ಸಿಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಶಿಕ್ಷೆ 2ರಿಂದ 5 ವರ್ಷ. ನೀವಾಗಿ ಒಯ್ದು ಕೊಟ್ಟದ್ದಕ್ಕೂ ಮನೆ ಶೋಧದಲ್ಲಿ ಸಿಕ್ಕದ್ದಕ್ಕೂ ಅಜಗಜಾಂತರ. ತಡವಾದ ಕಾರಣ ಬರೆದು, ವಕೀಲರೊಬ್ಬರನ್ನು ಜೊತೆ ಕರೆದುಕೊಂಡು ಹೋಗಿ.

ಅಟ್ಟದಿಂದ ಇಳಿಸುವ ಮೊದಲು ಮಕ್ಕಳನ್ನು ಹೊರಗೆ ಕಳಿಸಿ. ಜೋಡು ನಳಿಗೆಯ ಬಾಯಿ ನೆಲದ ಕಡೆ ಇರಲಿ, ಬೆರಳು ಕುದುರೆಯಿಂದ (ಟ್ರಿಗರ್) ದೂರವಿರಲಿ. ಮೇಲಿನ ಕೀಲನ್ನು ಪಕ್ಕಕ್ಕೆ ಒತ್ತಿದರೆ ಬಂದೂಕು ನಡುವೆ ಮಡಚಿಕೊಂಡು ಎರಡೂ ನಳಿಗೆಯ ಹಿಂಬದಿ ಕಾಣುತ್ತದೆ. ಕಾಡತೂಸು ಇದ್ದು ಸಲೀಸಾಗಿ ಬಂದರೆ ತೆಗೆದಿಡಿ. ಸಿಕ್ಕಿಕೊಂಡಿದ್ದರೆ ಕಡ್ಡಿ, ಮೊಳೆ ಹಾಕಿ ಕೆದಕಬೇಡಿ. ಹಾಗೆಯೇ ಬಿಟ್ಟು ಠಾಣೆಗೆ ತಿಳಿಸಿ, ಸಶಸ್ತ್ರ ಮೀಸಲು ಪಡೆಯ ಆರ್ಮರರ್ (ಆಯುಧ ದುರಸ್ತಿ ಬಲ್ಲವರು) ಬಂದು ತೆಗೆಯುತ್ತಾರೆ.

ಅಜ್ಜನ ಬಂದೂಕು ಇದಕ್ಕಿಂತ ಅಪಾಯದ್ದು, ಅದನ್ನು ಬಿಚ್ಚಿ ನೋಡಲು ಬರುವುದಿಲ್ಲ. ನಳಿಗೆಯ ಬಾಯಿಗೆ ಮುಖ ಒಡ್ಡದೆ ಪಕ್ಕದಲ್ಲಿ ನಿಂತು, ಅದರ ಜೊತೆಗೇ ಇರುವ, ಮದ್ದು ತಳ್ಳುವ ಕಟ್ಟಿಗೆಯ ಗಜವನ್ನು ಮೆಲ್ಲಗೆ ಒಳಗೆ ಬಿಡಿ. ಬಾಯಿಯ ಮಟ್ಟಕ್ಕೆ ಗುರುತು ಹಾಕಿ ಹೊರತೆಗೆದು, ನಳಿಗೆಯ ಹೊರಮೈಗೆ ಹಿಡಿದು ನೋಡಿ. ಗಜದ ತುದಿ ಕೇಪು ಕೂರಿಸುವ ಜಾಗದವರೆಗೆ ಬಂದರೆ ಖಾಲಿ. ಮೂರ್ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಮದ್ದು ಇನ್ನೂ ಇದೆ. ಕರಿಮದ್ದು ಹತ್ತಾರು ವರ್ಷವಾದರೂ ಕಿಡಿ ತಾಗಿದರೆ ಹಾರುತ್ತದೆ. ಆಗ ಮುಟ್ಟದೆ ಆರ್ಮರರ್ ಅವರನ್ನೇ ಕರೆಸಿ.

ಉಜ್ಜಿ ಸ್ವಚ್ಛ ಮಾಡಿಕೊಂಡು ಹೋಗೋಣ ಎಂದು ಸ್ಯಾಂಡ್ ಪೇಪರ್ ಹಿಡಿಯಲೇಬೇಡಿ. ತುಕ್ಕಿನ ಜೊತೆ ನಂಬರೂ ಸವೆಯುತ್ತದೆ. ನಂಬರು ಅಳಿಸಿದ ಬಂದೂಕು ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದ್ದಾರೆ ಎಂದು ಕಾಯ್ದೆಯ 8ನೇ ಕಲಂ ಭಾವಿಸುತ್ತದೆ. ಅಲ್ಲವೆಂದು ಸಾಧಿಸುವ ಹೊಣೆ ನಿಮ್ಮ ತಲೆಗೆ ಬರುತ್ತದೆ. ಎಣ್ಣೆ ಹಚ್ಚಿದ ಅರಿವೆಯಿಂದ ಒರೆಸಿದರೆ ಸಾಕು.

ಜಮಾ ಮಾಡಿದಾಗ ರಸೀದಿಯಲ್ಲಿ ಕಂಪನಿ ಹೆಸರು, ನಂಬರು, ಬೋರು, ಕಾಡತೂಸಿನ ಸಂಖ್ಯೆ ಬರೆಸಿಕೊಳ್ಳಿ. ಆಮೇಲೆ ನಿಮ್ಮ ಹೆಸರಿಗೆ ಬೇಕಿದ್ದರೆ ಮರಣ ಪ್ರಮಾಣಪತ್ರ, ವಾರಸಾ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಜೋಡಿಸಿ ಅರ್ಜಿ ಹಾಕಿ. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ, ಕಲಬುರಗಿ ನಗರದವರಾದರೆ ಪೊಲೀಸ್ ಕಮಿಷನರ್‌ಗೆ. ವಾರಸುದಾರಿಕೆಯಿಂದ ಬಂದರೂ ಒಬ್ಬರಿಗೆ ಎರಡೇ ಬಂದೂಕು, ಮೊದಲಿದ್ದ ಮೂರರ ಮಿತಿಯನ್ನು 2019ರಲ್ಲಿ ಇಳಿಸಿದ್ದಾರೆ. ಬೇಡವಾದರೆ ಲೈಸೆನ್ಸ್ ಇರುವ ವ್ಯಾಪಾರಿಗೆ ಮಾರಬಹುದು.

ಇದನ್ನು ಓದುವ ಹಿರಿಯರಿಗೂ ಒಂದು ಮಾತು. 70 ವರ್ಷ ದಾಟಿದವರು, ಇಲ್ಲವೇ 25 ವರ್ಷ ಬಂದೂಕು ಇಟ್ಟುಕೊಂಡವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಮಕ್ಕಳಿಗೆ ಈ ತಾಪತ್ರಯ ಉಳಿಸಬೇಡಿ.

ಪ್ರಶ್ನೆ: ತೊಗರಿ ಹೊಲಕ್ಕ ಹಂದಿ, ಚಿಗರಿ ಕಾಟ ವಿಪರೀತ. ಕೊಡಗಿನವರಿಗೆ ಲೈಸೆನ್ಸೇ ಬ್ಯಾಡಂತ. ನಮಗ್ಯಾಕ ಇಲ್ಲ?
— ಔರಾದ

ಉತ್ತರ: ಕೊಡಗಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಮಾತ್ರ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ನಿಮಗೆ ಬೇರೆ ದಾರಿ ಇದೆ. ಬೆಳೆ ರಕ್ಷಣೆಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡಬೇಕೆಂದು ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಪಹಣಿ, ಬೆಳೆ ಹಾನಿಯ ಫೋಟೊ, ಪಂಚನಾಮೆ ಜೊತೆಗಿರಲಿ. ಆದರೆ ಬಂದೂಕಿನ ಲೈಸೆನ್ಸ್ ಬೇಟೆಯ ಪರವಾನಗಿ ಅಲ್ಲ. ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಚಿಗರಿ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯ ಪ್ರಾಣಿ, ಹೊಡೆದರೆ 3ರಿಂದ 7 ವರ್ಷ ಜೈಲು. ಚಿಗರಿ ತಿಂದ ಬೆಳೆಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಹಾಕಿ.

ಪ್ರಶ್ನೆ: ಮದುವೆ ಮೆರವಣಿಗೆಯಲ್ಲಿ ಲೈಸೆನ್ಸ್ ಇದ್ದವರು ಗಾಳಿಯಲ್ಲಿ ಗುಂಡು ಹಾರಿಸಬಹುದೇ?
— ಹುಮನಾಬಾದ

ಉತ್ತರ: ಬಾರದು. ಯಾರಿಗೂ ತಾಗದಿದ್ದರೂ ಅಪರಾಧವೇ, 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮೇಲೆ ಹೋದ ಗುಂಡು ಕೆಳಗೆ ಬಂದೇ ಬರುತ್ತದೆ, ಎಲ್ಲಿ ಬೀಳುತ್ತದೆಂದು ಹಾರಿಸಿದವನಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ‘ಪಂಚನಾಮೆಗೆ ಕರೆದೊಯ್ದಾಗ ಹಲ್ಲೆ, ಆತ್ಮರಕ್ಷಣೆಗೆ ಕಾಲಿಗೆ ಗುಂಡು’ ಎಂಬ ಸುದ್ದಿ ಆಗಾಗ ಓದುತ್ತೇವೆ. ಜನ ಚಪ್ಪಾಳೆ ತಟ್ಟುತ್ತಾರೆ, ಕೆಲವರು ವಿರೋಧಿಸುತ್ತಾರೆ. ಕಾನೂನು ಏನನ್ನುತ್ತದೆ?
— ಶಹಾಪುರ

ಉತ್ತರ: ಜೀವಕ್ಕೆ ಕುತ್ತು ಬಂದಾಗ ಪೊಲೀಸರಿಗೂ ಆತ್ಮರಕ್ಷಣೆಯ ಹಕ್ಕಿದೆ. ನಮಗಿರುವಂಥದ್ದೇ, ಅಷ್ಟೇ. ಅಪಾಯ ಎಷ್ಟೋ ಬಲವೂ ಅಷ್ಟೇ ಇರಬೇಕು. ಕಾಲಿಗೆ ಹೊಡೆದರೆ ಸಾಯುವುದಿಲ್ಲ ಎಂಬ ನಂಬಿಕೆ ತಪ್ಪು. ತೊಡೆಯಲ್ಲೂ ಮೊಣಕಾಲಿನ ಹಿಂದೆಯೂ ದಪ್ಪ ರಕ್ತನಾಳ ಹಾದಿದೆ, ಅದು ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು.

2014ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಪಿಯುಸಿಎಲ್ (ನಾಗರಿಕ ಹಕ್ಕುಗಳ ಸಂಘಟನೆ) ಪ್ರಕರಣದಲ್ಲಿ 16 ಸೂಚನೆ ಕೊಟ್ಟಿತು. ಎನ್‌ಕೌಂಟರಿನಲ್ಲಿ ಸಾವಾದರೆ ಎಫ್‌ಐಆರ್ ದಾಖಲಾಗಬೇಕು, ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಮ್ಯಾಜಿಸ್ಟೀರಿಯಲ್ ವಿಚಾರಣೆ ಆಗಬೇಕು. ಗುಂಡು ಹಾರಿಸಿದ ಅಧಿಕಾರಿ ತಮ್ಮ ಆಯುಧವನ್ನು ಪರೀಕ್ಷೆಗೆ ಒಪ್ಪಿಸಬೇಕು. ಘಟನೆಯ ಬೆನ್ನಿಗೇ ಬಡ್ತಿ, ಪದಕ ಕೊಡುವಂತಿಲ್ಲ. ತೀವ್ರ ಗಾಯವಾದ ಪ್ರಕರಣಕ್ಕೂ ಸಾಧ್ಯವಾದಷ್ಟು ಇವೇ ಅನ್ವಯ ಎಂದು ಅದೇ ತೀರ್ಪು ಹೇಳಿದೆ. ಕಾಲಿನ ಗುಂಡು ಇದರಿಂದ ಹೊರಗಿಲ್ಲ.

ಇಂಥ ಸುದ್ದಿ ಬಂದಾಗ ಎರಡು ಪ್ರಶ್ನೆ ಕೇಳಿ. ಕೊಲೆ, ಅತ್ಯಾಚಾರ, ಅಕ್ರಮ ಶಸ್ತ್ರಾಸ್ತ್ರದಂಥ ಪ್ರಕರಣಗಳ ಆರೋಪಿಗೆ ಕೋಳ ಹಾಕಲು, ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಅವಕಾಶ ಕೊಟ್ಟಿದೆ. ಹಾಕಿದ್ದರೇ? ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಲೇಬೇಕೆಂದು 105ನೇ ಕಲಂ ಹೇಳುತ್ತದೆ. ಆ ವಿಡಿಯೊ ಎಲ್ಲಿ? ಎರಡಕ್ಕೂ ಉತ್ತರವಿದ್ದರೆ ನಿಜವಾಗಿ ಪ್ರಾಣಾಪಾಯದಲ್ಲಿ ಸಿಲುಕಿದ್ದ ಪೊಲೀಸರಿಗೂ ಅದೇ ರಕ್ಷೆ.

ಚಪ್ಪಾಳೆಯ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟವಿದೆ. ಕಾಲಿಗೆ ಬಿದ್ದ ಗುಂಡು ಕೋರ್ಟಿನಲ್ಲಿ ಸಾಕ್ಷಿ ಆಗುವುದಿಲ್ಲ. ಶಿಕ್ಷೆ ಕೊಡಿಸುವುದು ನೆಲದ ಮೇಲೆ ಬಿದ್ದ ಕಾಡತೂಸಿನ ಖಾಲಿ ಕೋಶ. ಅದರ ಬುಡದಲ್ಲಿ ಬಡಿಗಡ್ಡಿಯ (ಫೈರಿಂಗ್ ಪಿನ್) ಗುರುತು ಮೂಡಿರುತ್ತದೆ, ಒಂದೊಂದು ಆಯುಧದ್ದೂ ಬೇರೆ ಬೇರೆ. ಎಂ.ಎಂ. ಕಲಬುರ್ಗಿ (2015) ಮತ್ತು ಗೌರಿ ಲಂಕೇಶ್ (2017) ಹತ್ಯೆಗಳಿಗೆ ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿದ್ದು ಇಂಥ ಗುರುತುಗಳ ಹೋಲಿಕೆಯಿಂದ. ಆದ್ದರಿಂದ ಗುಂಡು ಹಾರಿದ ಜಾಗದಲ್ಲಿ ಇದ್ದವರು ಕೋಶವನ್ನು ಎತ್ತಿ ಕೈಯಲ್ಲಿ ಹಿಡಿಯಬೇಡಿ, ಅದರ ಸುತ್ತ ನಾಲ್ಕು ಕಲ್ಲಿಟ್ಟು ಜನ ತುಳಿಯದಂತೆ ನೋಡಿಕೊಳ್ಳಿ. 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಹೊಸ ಸಂಹಿತೆಯ 176ನೇ ಕಲಂ ಹೇಳಿದೆ, ಪ್ರಾದೇಶಿಕ ಪ್ರಯೋಗಾಲಯ ಕಲಬುರಗಿಯಲ್ಲೇ ಇದೆ. ಅಲ್ಲಿ ತಜ್ಞರ ಹುದ್ದೆ ತುಂಬಿವೆಯೇ, ವರದಿ ಎಷ್ಟು ತಿಂಗಳಿಗೆ ಬರುತ್ತಿದೆ ಎಂದು ನಿಮ್ಮ ಶಾಸಕರನ್ನು ಕೇಳಿ.

ಪ್ರಶ್ನೆ: ಪ್ಲಾಟ್ ವ್ಯವಹಾರದಲ್ಲಿ ಫೋನ್ ಮೇಲೆ ಕೊಲೆ ಬೆದರಿಕೆ ಬರುತ್ತಿದೆ. ಠಾಣೆಯಲ್ಲಿ ‘ಇದು ಎನ್‌ಸಿ’ ಎಂದು ಬರೆದು ಕಳಿಸಿದರು. ಪಿಸ್ತೂಲಿನ ಲೈಸೆನ್ಸ್ ಸಿಗಬಹುದೇ?
— ಕಲಬುರಗಿ

ಉತ್ತರ: ಠಾಣೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬರೀ ಬೆದರಿಕೆ ಅಸಂಜ್ಞೇಯ (ಎನ್‌ಸಿ) ಅಪರಾಧ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಆಗದು. ಆದರೆ ಬೆದರಿಸಿ ಹಣ ಕಿತ್ತುಕೊಂಡಿದ್ದರೆ, ಅಥವಾ ಕೊಡದಿದ್ದರೆ ಕೊಲ್ಲುವುದಾಗಿ ಹಣ ಕೇಳಿದ್ದರೆ ಅದು ಸುಲಿಗೆಯ ಕಲಮಿಗೆ ಬರುತ್ತದೆ, ಅದು ಸಂಜ್ಞೇಯ, ಅಂದರೆ ಆದೇಶಕ್ಕೆ ಕಾಯದೆ ಠಾಣೆಯವರೇ ತನಿಖೆ ಮಾಡಬಹುದಾದದ್ದು. ಎಷ್ಟೋ ಜನ ‘ಜೀವ ಬೆದರಿಕೆ ಹಾಕಿದ್ದಾರೆ’ ಎಂದಷ್ಟೇ ಬರೆದು ಕೇಸನ್ನು ತಾವೇ ಸಡಿಲ ಮಾಡಿಕೊಳ್ಳುತ್ತಾರೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ನಂಬರಿನಿಂದ, ಎಷ್ಟು ರೂಪಾಯಿ ಕೇಳಿದರು, ಅವರ ಮಾತು ಏನು, ಎಲ್ಲವನ್ನೂ ನಡೆದ ಹಾಗೇ ಬರೆಯಿರಿ. ರೆಕಾರ್ಡಿಂಗ್ ಇದ್ದರೆ ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಮನೆ ಬಾಗಿಲಿಗೆ ಬಂದರೆ 112ಕ್ಕೆ ಕರೆ ಮಾಡಿ. ಆ ಕರೆಯ ಸಮಯವೂ ದಾಖಲೆ.

ಲೈಸೆನ್ಸಿಗೆ 21 ವರ್ಷ ತುಂಬಿರಬೇಕು, ವೈದ್ಯಕೀಯ ಪ್ರಮಾಣಪತ್ರ, ಬಂದೂಕು ತರಬೇತಿಯ ಪ್ರಮಾಣಪತ್ರ ಬೇಕು, ಠಾಣೆಯ ವರದಿ ಬರಬೇಕು. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ, 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಸಿಕ್ಕರೆ ಅವಧಿ 5 ವರ್ಷ. ಆದರೆ ದೂರಿನ ದಾಖಲೆ ಇಲ್ಲದ ಅರ್ಜಿಗೆ ಬಲವಿಲ್ಲ, ಮೊದಲ ಕೆಲಸ ದೂರು. ಲೈಸೆನ್ಸ್ ಬರುವವರೆಗೆ ಇರಲಿ ಎಂದು ನಾಡ ಪಿಸ್ತೂಲಿನ ಕಡೆ ಕಣ್ಣೆತ್ತಿಯೂ ನೋಡಬೇಡಿ. ಹದವಿಲ್ಲದ ಕಬ್ಬಿಣದ ನಳಿಗೆ ಹಿಂದಕ್ಕೆ ಸಿಡಿದರೆ ಬೆರಳು, ಕಣ್ಣು ಹೋಗುತ್ತವೆ. ಅಲ್ಲಿಗೆ ದೂರುದಾರರಾಗಿದ್ದ ನೀವೇ ಆರೋಪಿ.

ಸಂಜ್ಞೇಯ ದೂರನ್ನು ಯಾವ ಠಾಣೆಯೂ ವ್ಯಾಪ್ತಿಯ ನೆಪ ಹೇಳಿ ತಿರಸ್ಕರಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತ. ತಗೊಳ್ಳದಿದ್ದರೆ ಅದೇ ದೂರನ್ನು ಕಮಿಷನರ್‌ಗೆ, ಹಳ್ಳಿ ಕಡೆಯವರಾದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಸ್ಪೀಡ್ ಪೋಸ್ಟಿನ ರಸೀದಿಯನ್ನು ದೂರಿನ ಪ್ರತಿಗೆ ಪಿನ್ ಮಾಡಿಡಿ. ಎಸ್‌ಪಿಗೆ ಕೊಟ್ಟಿದ್ದೀರಾ ಎಂದು ಕೋರ್ಟಿನಲ್ಲಿ ಮೊದಲು ಕೇಳುತ್ತಾರೆ, ತೋರಿಸಲು ಅದು ಬೇಕು.