ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯಲ್ಲಿ ಜಂತುಹುಳು ಹೇಗೆ ಸೇರಿಕೊಳ್ಳುತ್ತದೆ?

ಅವು ತಿನ್ನುವ ಮೀನಿನ ಮೂಲಕವೇ. ಇವುಗಳಲ್ಲಿ ತುಂಬ ಸಾಮಾನ್ಯವಾದದ್ದು ಅನಿಸಾಕಿಸ್ ಎಂಬ ದುಂಡುಹುಳು. ಇದರ ಮೊಟ್ಟೆಗಳು ತಿಮಿಂಗಿಲದ ಮಲದೊಂದಿಗೆ ಸಮುದ್ರಕ್ಕೆ ಬೀಳುತ್ತವೆ. ಅದರಿಂದ ಬಂದ ಮರಿಯನ್ನು ಸಿಗಡಿಯಂಥ ಪುಟ್ಟ ಕ್ರಿಲ್ ನುಂಗುತ್ತದೆ, ಕ್ರಿಲ್ಲನ್ನು ಮೀನೋ ಸ್ಕ್ವಿಡ್ಡೋ ತಿನ್ನುತ್ತದೆ.

ಮೀನಿನೊಳಗೆ ಮರಿ ಬಲಿತು ಮೊಟ್ಟೆಯಿಡುವುದಿಲ್ಲ. ಕರುಳಿನ ಸುತ್ತ, ಕೆಲವೊಮ್ಮೆ ಮಾಂಸದಲ್ಲೂ, ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡು ಕಾಯುತ್ತದೆ. ಬಿಚ್ಚಿದರೆ ಸುಮಾರು 2 ಸೆಂ.ಮೀ. ಉದ್ದದ ಬಿಳಿ ದಾರ. ಅದು ಪ್ರೌಢವಾಗಬೇಕಾದರೆ ತಿಮಿಂಗಿಲದಂಥ ಬಿಸಿರಕ್ತದ ಸಸ್ತನಿಯ ಬೆಚ್ಚನೆಯ ಜಠರವೇ ಬೇಕು. ಅಲ್ಲಿ ಹುಳುಗಳು ಗುಂಪುಗುಂಪಾಗಿ ಜಠರದ ಗೋಡೆಗೆ ತಲೆ ಚುಚ್ಚಿ ನಿಲ್ಲುತ್ತವೆ; ಆ ಜಾಗ ಹುಣ್ಣಾಗುತ್ತದೆ. ಬೇರೆ ಜಾತಿಯ ಹುಳುಗಳು ಶ್ವಾಸಕೋಶ, ಮೂತ್ರಪಿಂಡಗಳಲ್ಲೂ ಇರುತ್ತವೆ. ಸ್ಪರ್ಮ್ ತಿಮಿಂಗಿಲದ ಗರ್ಭವೇಷ್ಟನದಲ್ಲಿ (ಮಾಸು, ಪ್ಲಾಸೆಂಟಾ) ಸಿಕ್ಕ ಒಂದು ದುಂಡುಹುಳುವಂತೂ 8 ಮೀಟರಿಗೂ ಉದ್ದ!

ನಾವು ಹಸಿ ಮೀನು ತಿಂದರೆ ಇದೇ ಅನಿಸಾಕಿಸ್ ಮರಿ ನಮ್ಮ ಹೊಟ್ಟೆಗೂ ಬರಬಹುದು. ನಮ್ಮೊಳಗೆ ಅದು ಬಲಿಯುವುದಿಲ್ಲ, ಆದರೆ ಜಠರವನ್ನು ಕೊರೆಯಲು ಹೋಗಿ ಸಹಿಸಲಾಗದ ನೋವು ತರುತ್ತದೆ. ದಯವಿಟ್ಟು ಮೀನನ್ನು ಒಳಗಿನವರೆಗೂ ಚೆನ್ನಾಗಿ ಬೇಯಿಸಿ. ಉಪ್ಪು ಹಚ್ಚಿದ್ದು, ನಿಂಬೆರಸ ಹಿಂಡಿದ್ದು ಸಾಲದು.