ಕೆಲಸದ ದಿನ ಕಡಿಮೆಯಾದರೆ ಗಳಿಕೆ ರಜೆ ಎಷ್ಟು ಸಿಗುತ್ತದೆ?

ಮಡಿಕೇರಿಯ ಕಾಫಿಪುಡಿ ಅಂಗಡಿಯಲ್ಲಿ ವಾರಕ್ಕೆ 6 ದಿನ ದುಡಿಯುತ್ತಿದ್ದೆ, ಅಕ್ಟೋಬರ್‌ನಿಂದ 3 ದಿನ ಮಾತ್ರ, ರಜೆಯೂ ಅರ್ಧ ಆಗುತ್ತಾ ಅಂತ ಕೇಳಿದ್ದೀರಿ. ಇಡೀ ವರ್ಷದ್ದು ಅರ್ಧ ಆಗಲ್ಲ. ಕರ್ನಾಟಕದ 1961ರ ಅಂಗಡಿ ಕಾಯ್ದೆ ಪ್ರಕಾರ ದುಡಿದ ಪ್ರತಿ 20 ದಿನಕ್ಕೆ 1 ದಿನ ಸಂಬಳದ ರಜೆ.

ಹಾಜರಿ ಪುಸ್ತಕ ತೆಗೆಸಿ, ಎರಡು ಭಾಗ ಮಾಡಿ ಎಣಿಸಿ. ಸೆಪ್ಟೆಂಬರ್‌ವರೆಗೆ 220 ದಿನ ಇದ್ದರೆ 11 ರಜೆ. ಆಮೇಲೆ 40 ದಿನ ಆದರೆ ಇನ್ನೂ 2. ಒಟ್ಟು 13. ಮೊದಲೇ ಗಳಿಸಿದ 11ಕ್ಕೆ ಮಾಲೀಕರು ಕೈ ಹಾಕುವಂತಿಲ್ಲ, ಅದು ನೀವು ದುಡಿದದ್ದು ಅಲ್ವಾ!

ದಿನ ಅಷ್ಟೇ ಇದ್ದು ಗಂಟೆ ಮಾತ್ರ 8ರಿಂದ 4ಕ್ಕೆ ಇಳಿದರೆ ರಜೆಯ ದಿನ ಕಡಿಮೆ ಆಗಲ್ಲ. ಎಣಿಕೆ ದಿನದ್ದು, ಗಂಟೆಯದ್ದಲ್ಲ. ಹುತ್ತರಿಗೆ ಕೊಡುವ ಹಬ್ಬದ ರಜೆಯನ್ನು ಇದರಲ್ಲಿ ಕಳೆಯಲು ಬಿಡಬೇಡಿ, ಅದು ಬೇರೆ.